ಜಯಂತನಾಥ ಚೌಧುರಿ

ಜನರಲ್ ಜಯಂತನಾಥ ಚೌಧುರಿ (10 ಜೂನ್ 1908 – 6 ಏಪ್ರಿಲ್ 1983) ಅವರು ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಸೇನಾನಿ. ಅಶ್ವದಳದ ಅಧಿಕಾರಿಯಾಗಿ ವೃತ್ತಿಜೀವನ ಆರಂಭಿಸಿ, ಕುದುರೆಯ ಬದಲು ಟ್ಯಾಂಕ್ ಮತ್ತು ಕವಚವಾಹನಗಳು ಸೇನೆಗೆ ಬಂದ ಕಾಲದಲ್ಲಿ ಬೆಳೆದವರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದ ಮೇಲೆ ನಡೆದ ಕಾರ್ಯಾಚರಣೆಯಲ್ಲಿ ಸೊಲ್ಲಾಪುರದ ಕಡೆಯಿಂದ ನುಗ್ಗಿದ ಮುಖ್ಯ ಪಡೆಯನ್ನು ಇವರು ಮುನ್ನಡೆಸಿದರು. ಅನಂತರ 1949ರ ಡಿಸೆಂಬರಿನವರೆಗೆ ಆ ಸಂಸ್ಥಾನದ ಮಿಲಿಟರಿ ಗವರ್ನರ್ ಆಗಿದ್ದರು. ಇಂದಿನ ಕಲಬುರಗಿ, ಬೀದರ್, ರಾಯಚೂರು ಮೊದಲಾದ ಜಿಲ್ಲೆಗಳು ಆಗ ಇವರ ಆಡಳಿತಕ್ಕೆ ಒಳಪಟ್ಟಿದ್ದವು. 1962ರ ಚೀನಾ ಯುದ್ಧದ ಸೋಲಿನ ನಡುವೆ ಸೇನೆಯ ಹೊಣೆ ಹೊತ್ತ ಇವರು 1965ರ ಭಾರತ–ಪಾಕಿಸ್ತಾನ ಯುದ್ಧದ ಕಾಲದಲ್ಲಿಯೂ ಸೇನಾ ಮುಖ್ಯಸ್ಥರಾಗಿದ್ದರು. ಭಾರತ ಸರ್ಕಾರ ಇವರಿಗೆ ಪದ್ಮವಿಭೂಷಣ ಪ್ರಶಸ್ತಿ ನೀಡಿ ಗೌರವಿಸಿತು.

ಜನನ, ಮನೆತನ ಮತ್ತು ಶಿಕ್ಷಣ

ಚೌಧುರಿಯವರು ಬಂಗಾಳದ ಪಾಬ್ನಾ ಜಿಲ್ಲೆಯ ಹರಿಪುರದ ಹೆಸರಾಂತ ಮನೆತನಕ್ಕೆ ಸೇರಿದವರು. ತಂದೆ ಅಮಿಯನಾಥ ಚೌಧುರಿ ನ್ಯಾಯವಾದಿಗಳು. ತಾಯಿ ಪ್ರಮೀಳಾ ಅವರು ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾದ ಡಬ್ಲ್ಯು. ಸಿ. ಬ್ಯಾನರ್ಜಿಯವರ ಮಗಳು. ಬಂಗಾಳಿ ಗದ್ಯಕ್ಕೆ ಹೊಸ ರೂಪ ಕೊಟ್ಟವರಲ್ಲಿ ಒಬ್ಬರಾದ ಪ್ರಮಥ ಚೌಧುರಿಯವರು ಇವರ ತಂದೆಯ ಸಹೋದರ. ಹಿಂದಿ ಚಲನಚಿತ್ರರಂಗದ ಆರಂಭಕಾಲದ ಪ್ರಸಿದ್ಧ ತಾರೆ, ಮುಂದೆ ಬೆಂಗಳೂರಿನ ಹೊರವಲಯದ ತಾತಗುಣಿ ತೋಟದಲ್ಲಿ ನೆಲೆಸಿದ ದೇವಿಕಾರಾಣಿ ಅವರು ಇವರಿಗೆ ದೊಡ್ಡಪ್ಪ–ಚಿಕ್ಕಪ್ಪಂದಿರ ಮಕ್ಕಳ ಸಾಲಿನಲ್ಲಿ ಸಹೋದರಿ.

ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜು ಮತ್ತು ಲಂಡನ್ನಿನ ಹೈಗೇಟ್ ಶಾಲೆಯಲ್ಲಿ ಇವರ ಶಿಕ್ಷಣ ನಡೆಯಿತು. ಬಳಿಕ ಸ್ಯಾಂಡ್‌ಹರ್ಸ್ಟ್‌ನ ರಾಯಲ್ ಮಿಲಿಟರಿ ಕಾಲೇಜನ್ನು ಸೇರಿ 1928ರಲ್ಲಿ ಸೇನಾಧಿಕಾರಿಯಾದರು. ಗೆಳೆಯರು ಇವರನ್ನು ಮುಚ್ಛು ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಅವರ ಮೀಸೆಯೇ ಈ ಹೆಸರಿಗೆ ಮೂಲ.

ಅಶ್ವದಳದಿಂದ ಯಂತ್ರದಳಕ್ಕೆ

ಅಂದಿನ ಪದ್ಧತಿಯಂತೆ ಮೊದಲು ಒಂದು ಬ್ರಿಟಿಷ್ ಪದಾತಿದಳದಲ್ಲಿ ಕೆಲಕಾಲ ಇದ್ದು, 1929ರ ಮಾರ್ಚ್ ತಿಂಗಳಲ್ಲಿ ಚೌಧುರಿಯವರು 7ನೇ ಲೈಟ್ ಕ್ಯಾವಲ್ರಿ ರೆಜಿಮೆಂಟನ್ನು ಸೇರಿದರು. ಭಾರತೀಯರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳಲು ಆರಿಸಿದ್ದ ಕೆಲವೇ ದಳಗಳಲ್ಲಿ ಅದು ಒಂದು. ಆ ಹೊತ್ತಿನಲ್ಲಿ ಅಶ್ವದಳವೆಂದರೆ ಅಕ್ಷರಶಃ ಕುದುರೆಗಳ ದಳವೇ ಆಗಿತ್ತು. ಅದಕ್ಕೆ ಹತ್ತು ವರ್ಷಗಳ ಹಿಂದೆ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ದಳಗಳು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಕುದುರೆಯ ಮೇಲೆ ಏರಿ ಹೋಗಿ ಗೆದ್ದಿದ್ದವು. ಹೈದರಾಬಾದ್ ಸಂಸ್ಥಾನದ ಲ್ಯಾನ್ಸರ್ ದಳವೂ ಅದೇ ಬ್ರಿಗೇಡಿನಲ್ಲಿತ್ತು. ಆ ವಿಜಯದ ನೆನಪು ಅಶ್ವದಳದ ಅಧಿಕಾರಿಗಳಲ್ಲಿ ಇನ್ನೂ ಹಸಿಯಾಗಿತ್ತು.

ಯುರೋಪಿನ ರಣರಂಗದಲ್ಲಿ ಅಷ್ಟರೊಳಗೆ ಯುದ್ಧದ ರೂಪವೇ ಬದಲಾಗಿತ್ತು. 1916ರ ಸೆಪ್ಟೆಂಬರ್ 15ರಂದು ಸೋಮ್ ಕದನದಲ್ಲಿ ಬ್ರಿಟಿಷರು ಮೊದಲ ಬಾರಿಗೆ ಟ್ಯಾಂಕುಗಳನ್ನು ಬಳಸಿದರು. ಅಲ್ಲಿದ್ದ 49 ಟ್ಯಾಂಕುಗಳಲ್ಲಿ ದಾಳಿಯ ಆರಂಭದ ಗೆರೆಯನ್ನು ಮುಟ್ಟಿದ್ದು 32 ಮಾತ್ರ. ಉಳಿದವು ದಾರಿಯಲ್ಲೇ ಕೆಟ್ಟು ನಿಂತವು ಅಥವಾ ಕೆಸರಿನಲ್ಲಿ ಹೂತವು. 1917ರ ನವೆಂಬರ್ 20ರಂದು ಕ್ಯಾಂಬ್ರೆ ಎಂಬಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಟ್ಯಾಂಕುಗಳು ಒಟ್ಟಾಗಿ ನುಗ್ಗಿ ಜರ್ಮನರ ಕಂದಕಗಳ ಸಾಲನ್ನು ಒಂದೇ ದಿನದಲ್ಲಿ ಭೇದಿಸಿದವು. ಆದರೆ ಗೆದ್ದ ನೆಲವನ್ನು ಹಿಡಿದುಕೊಳ್ಳಲು ಬೇಕಾದ ಪಡೆ ಅವುಗಳ ಹಿಂದೆ ಸಾಕಷ್ಟು ಇರಲಿಲ್ಲ. ಹತ್ತು ದಿನಗಳಲ್ಲಿ ಆರಂಭವಾದ ಜರ್ಮನರ ಮರುದಾಳಿಯಲ್ಲಿ ಆ ಗೆಲುವಿನ ಬಹುಭಾಗ ಕೈಬಿಟ್ಟಿತು. ಯಂತ್ರವು ಬಾಗಿಲನ್ನು ಒಡೆಯಬಲ್ಲದು, ಒಳಗಿನ ಮನೆಯನ್ನು ಕಾಯಲು ಜನ ಬೇಕು ಎಂಬುದು ಈ ಎರಡು ಕದನಗಳಿಂದ ದೊರೆತ ಪಾಠ. ಚೌಧುರಿಯವರ ವೃತ್ತಿಜೀವನದುದ್ದಕ್ಕೂ ಈ ಪಾಠದ ಸತ್ಯ ಬೇರೆ ಬೇರೆ ರೂಪಗಳಲ್ಲಿ ಮತ್ತೆ ಮತ್ತೆ ಎದುರಾಯಿತು.

ಭಾರತದಲ್ಲಿ ಅಶ್ವದಳಗಳ ಯಂತ್ರೀಕರಣ ಆರಂಭವಾದದ್ದು 1938ರಲ್ಲಿ. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ಕೆಲವೇ ವರ್ಷಗಳೊಳಗೆ ಕುದುರೆ ಲಾಯಗಳ ಜಾಗದಲ್ಲಿ ವಾಹನ ದುರಸ್ತಿಯ ಶೆಡ್ಡುಗಳು ಬಂದವು. ಕುದುರೆಯ ಮೈಯರಿತ ಸವಾರರು ಎಂಜಿನ್, ಗೇರು, ವೈರ್‌ಲೆಸ್ಸುಗಳ ಕೆಲಸ ಕಲಿಯಬೇಕಾಯಿತು.

ಎರಡನೆಯ ಮಹಾಯುದ್ಧ

ಚೌಧುರಿಯವರು 1939–40ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ತರಬೇತಿ ಪಡೆದರು. ಬಳಿಕ 5ನೇ ಇಂಡಿಯನ್ ಡಿವಿಷನ್ನಿನ ಸ್ಟಾಫ್ ಅಧಿಕಾರಿಯಾಗಿ ಸುಡಾನ್, ಎರಿಟ್ರಿಯಾ, ಅಬಿಸೀನಿಯಾ ಹಾಗೂ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಸೇವೆ ಸಲ್ಲಿಸಿದರು. ಆ ಮರುಭೂಮಿಯ ಯುದ್ಧದಲ್ಲಿ ಟ್ಯಾಂಕುಗಳ ಓಟವನ್ನು ನಿರ್ಧರಿಸುತ್ತಿದ್ದುದು ಪೆಟ್ರೋಲ್, ನೀರು ಮತ್ತು ಬಿಡಿಭಾಗಗಳನ್ನು ಹೊತ್ತು ಹಿಂದೆ ಬರುವ ಲಾರಿಗಳು. ಎಷ್ಟು ದೂರ ಮುಂದೆ ಹೋದರೆ ಅಷ್ಟು ಉದ್ದದ ಸರಬರಾಜಿನ ದಾರಿಯನ್ನು ಕಾಯಬೇಕಾಗುತ್ತಿತ್ತು. ಸ್ಟಾಫ್ ಅಧಿಕಾರಿಯ ಕೆಲಸವೇ ಈ ಲೆಕ್ಕಾಚಾರ. ಈ ಸೇವೆಗಾಗಿ ಅವರಿಗೆ ಒ.ಬಿ.ಇ. ಗೌರವ ದೊರೆಯಿತು. 1943ರಲ್ಲಿ ಅವರು ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹಿರಿಯ ಬೋಧಕರಾಗಿ ಮರಳಿದರು.

1944ರ ಸೆಪ್ಟೆಂಬರಿನಲ್ಲಿ ಚೌಧುರಿಯವರು 16ನೇ ಲೈಟ್ ಕ್ಯಾವಲ್ರಿಯ ಕಮಾಂಡಿಂಗ್ ಅಧಿಕಾರಿಯಾದರು. ಕವಚವಾಹನಗಳ ಈ ರೆಜಿಮೆಂಟ್ ಕ್ವೆಟ್ಟಾದಿಂದ ಹೊರಟು ಉಪಖಂಡದ ಪಶ್ಚಿಮ ತುದಿಯಿಂದ ಪೂರ್ವ ತುದಿಯವರೆಗೆ ಸಾವಿರಾರು ಮೈಲಿ ಕ್ರಮಿಸಿ 1945ರಲ್ಲಿ ಬರ್ಮಾ ರಣರಂಗವನ್ನು ಸೇರಿತು. ಮೈಕ್ಟಿಲಾ ಸುತ್ತಲಿನ ಕದನಗಳಲ್ಲಿಯೂ ರಂಗೂನಿನ ಕಡೆಗೆ ನಡೆದ ಮುನ್ನಡೆಯಲ್ಲಿಯೂ ಅದು ಪಾಲ್ಗೊಂಡಿತು.

1946ರಲ್ಲಿ ಚೌಧುರಿಯವರು ಬ್ರಿಗೇಡಿಯರ್ ಆಗಿ ಮಲಯಾದಲ್ಲಿ ಆಡಳಿತ ವಿಭಾಗವನ್ನು ನೋಡಿಕೊಂಡರು. ಅದೇ ವರ್ಷ ಲಂಡನ್ನಿನ ವಿಜಯೋತ್ಸವ ಮೆರವಣಿಗೆಯಲ್ಲಿ ಭಾಗವಹಿಸಿದ ಭಾರತೀಯ ತುಕಡಿಯ ನೇತೃತ್ವ ವಹಿಸಿದರು. ಸ್ವಾತಂತ್ರ್ಯಾನಂತರ ದೆಹಲಿಯ ಸೇನಾ ಕೇಂದ್ರದಲ್ಲಿ ಕಾರ್ಯಾಚರಣೆ ಮತ್ತು ಗುಪ್ತಚರ ವಿಭಾಗದ ನಿರ್ದೇಶಕರಾಗಿ, ಬಳಿಕ ಹಂಗಾಮಿ ಚೀಫ್ ಆಫ್ ಜನರಲ್ ಸ್ಟಾಫ್ ಆಗಿ ಕೆಲಸ ಮಾಡಿ, 1948ರ ಮೇ ತಿಂಗಳಲ್ಲಿ ಮೇಜರ್ ಜನರಲ್ ಹುದ್ದೆಯಲ್ಲಿ 1ನೇ ಆರ್ಮರ್ಡ್ ಡಿವಿಷನ್ನಿನ ಮುಖ್ಯಸ್ಥರಾದರು.

ಹೈದರಾಬಾದ್ ಕಾರ್ಯಾಚರಣೆ

ಹೈದರಾಬಾದ್ ಸಂಸ್ಥಾನವು 1947ರ ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತ್ತು. ಒಕ್ಕೂಟವನ್ನು ಸೇರುವ ಮಾತುಕತೆ ಮುಂದುವರಿಯಲಿಲ್ಲ. ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರ ಹಾವಳಿ ಹೆಚ್ಚಿ, ಗಡಿಭಾಗದ ಹಳ್ಳಿಗಳ ಜನ ಊರು ಬಿಟ್ಟು ಸೊಲ್ಲಾಪುರ, ವಿಜಾಪುರ ಮೊದಲಾದ ಕಡೆಗಳಲ್ಲಿ ಆಶ್ರಯ ಪಡೆದರು. ಸೊಲ್ಲಾಪುರ ಮತ್ತು ಕಲಬುರಗಿಗಳ ನಡುವಿನ ಗಂಗಾಪುರ ನಿಲ್ದಾಣದಲ್ಲಿ 1948ರ ಮೇ ತಿಂಗಳಲ್ಲಿ ರೈಲಿನ ಮೇಲೆ ನಡೆದ ದಾಳಿ ದೇಶದಾದ್ಯಂತ ಸುದ್ದಿಯಾಯಿತು. ಮುಂಬಯಿ–ಮದ್ರಾಸ್ ಮಾರ್ಗವು ಸಂಸ್ಥಾನದ ನೆಲವನ್ನು ಹಾಯ್ದು ಹೋಗುತ್ತಿದ್ದುದರಿಂದ, ಕಲಬುರಗಿಯ ಸ್ಟೇಶನ್ ಬಜಾರದಂತಹ ರೈಲನ್ನೇ ನೆಚ್ಚಿಕೊಂಡ ಪೇಟೆಗಳಿಗೆ ಈ ಅಭದ್ರತೆ ನೇರವಾಗಿ ತಟ್ಟುವಂತಹದಾಗಿತ್ತು.

ಕಾರ್ಯಾಚರಣೆಯ ಯೋಜನೆಯನ್ನು ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಗೊಡಾರ್ಡ್ ಸಿದ್ಧಪಡಿಸಿದ್ದರು. ಅವರ ಬಳಿಕ ಬಂದ ಲೆಫ್ಟಿನೆಂಟ್ ಜನರಲ್ ಮಹಾರಾಜ ರಾಜೇಂದ್ರಸಿಂಹಜಿಯವರು ಅದನ್ನು ಕಾರ್ಯಗತಗೊಳಿಸಿದರು. ಪೂರ್ವದಲ್ಲಿ ವಿಜಯವಾಡದಿಂದ ಮೇಜರ್ ಜನರಲ್ ರುದ್ರ ಅವರ ಪಡೆ, ಪಶ್ಚಿಮದಲ್ಲಿ ಸೊಲ್ಲಾಪುರದಿಂದ ಚೌಧುರಿಯವರ ಪಡೆ, ಹೀಗೆ ಎರಡು ಮುಖ್ಯ ದಿಕ್ಕುಗಳಿಂದ ಹೈದರಾಬಾದ್ ನಗರದತ್ತ ಸಾಗುವುದು ಯೋಜನೆಯ ತಿರುಳು. ಎದುರಿಗೆ ಮೇಜರ್ ಜನರಲ್ ಎಲ್ ಎದ್ರೂಸ್ ಅವರ ನೇತೃತ್ವದ ಸಂಸ್ಥಾನದ ಸೇನೆ ಮತ್ತು ಅದಕ್ಕಿಂತ ಬಹುಪಾಲು ದೊಡ್ಡದಾದ, ತರಬೇತಿಯಿಲ್ಲದ ರಜಾಕಾರರ ಗುಂಪುಗಳಿದ್ದವು.

1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಕಾರ್ಯಾಚರಣೆ ಆರಂಭವಾಯಿತು. ಮೊದಲ ಗುರಿ ನಳದುರ್ಗದ ಬಳಿ ಬೋರಿ ನದಿಯ ಸೇತುವೆ. ಎದುರಾಳಿಗಳು ಅದನ್ನು ಉರುಳಿಸಿದ್ದರೆ ಕವಚವಾಹನಗಳ ಸಾಲು ಮಳೆಗಾಲದ ಹೊಳೆಯ ದಡದಲ್ಲೇ ನಿಲ್ಲಬೇಕಾಗುತ್ತಿತ್ತು. ವೇಗ ಮತ್ತು ಅನಿರೀಕ್ಷಿತತೆಯಿಂದ ಪದಾತಿದಳವು ಸೇತುವೆಯನ್ನು ಕೆಡದಂತೆ ವಶಪಡಿಸಿಕೊಂಡಿತು. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಮುಂಚೂಣಿಯ ದಳ ಗಡಿಯಿಂದ 61 ಕಿ.ಮೀ. ಒಳಗಿನ ಉಮರಗಾ ತಲುಪಿತು. ದಕ್ಷಿಣದ ಅಂಚಿನಲ್ಲಿ ಹೊಸಪೇಟೆಯ ಕಡೆ ಮೈಸೂರಿನ ಪದಾತಿದಳವು ಹೋರಾಡಿತು. ತುಂಗಭದ್ರಾ ಸೇತುವೆಯನ್ನು ಗೂರ್ಖಾ ಪಡೆ ಹಿಡಿಯಿತು.

ಎರಡನೆಯ ದಿನ ದಳವು ಉಮರಗಾದಿಂದ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದತ್ತ ಸಾಗಿತು. ದಾರಿಯ ಇಕ್ಕೆಲಗಳಲ್ಲಿ ಎದುರಾಳಿಗಳು ಹೊಂಚುಹಾಕಿರುವುದನ್ನು ವಿಮಾನಗಳು ಮೊದಲೇ ಕಂಡುಹಿಡಿದವು. ಟೆಂಪೆಸ್ಟ್ ವಿಮಾನಗಳ ದಾಳಿಯ ಬಳಿಕವೇ ಭೂಪಡೆ ಮುಂದುವರಿಯಿತು. ನಾಲ್ಕನೆಯ ದಿನ ಜಹೀರಾಬಾದಿನ ಹತ್ತಿರ ನೆಲಬಾಂಬುಗಳನ್ನು ಹುಗಿದಿದ್ದ ರಸ್ತೆಯನ್ನು ತೆರವುಗೊಳಿಸುವವರೆಗೆ ಇಡೀ ಸಾಲು ತಡೆದು ನಿಂತಿತು. ಐದನೆಯ ದಿನ ಬೀದರ್ ಕೈವಶವಾಯಿತು. ಸೆಪ್ಟೆಂಬರ್ 17ರ ಸಂಜೆ ನಿಜಾಮರು ಕದನವಿರಾಮ ಘೋಷಿಸಿದರು. 18ರಂದು ಎಲ್ ಎದ್ರೂಸ್ ಅವರು ಚೌಧುರಿಯವರ ಮುಂದೆ ಶರಣಾದರು.

ಈ ಮುನ್ನಡೆಯ ದಾರಿ ಇಂದಿಗೂ ಓಡಾಟದ ದಾರಿಯೇ ಆಗಿದೆ. ಸೊಲ್ಲಾಪುರದಿಂದ ನಳದುರ್ಗ, ಉಮರಗಾ, ಹುಮನಾಬಾದ್, ಜಹೀರಾಬಾದ್ ಮೂಲಕ ಹೈದರಾಬಾದಿಗೆ ಹೋಗುವ ಹೆದ್ದಾರಿಯದು. ಕಲಬುರಗಿಯಿಂದ ಕಮಲಾಪುರದ ಮೇಲೆ ಹೋಗುವ ರಸ್ತೆ ಹುಮನಾಬಾದಿನಲ್ಲಿ ಅದನ್ನು ಕೂಡುತ್ತದೆ. ಮುಖ್ಯ ಪಡೆಯ ಹಾದಿ ಕಲಬುರಗಿ ನಗರದ ಉತ್ತರಕ್ಕೆ ಬಹುದೂರದಲ್ಲಿ ಸಾಗಿತ್ತು ಎಂಬುದನ್ನು ಈ ಭೂಗೋಳ ತೋರಿಸುತ್ತದೆ. ಕಲಬುರಗಿಯ ಕೋಟೆಯೊಳಗೆ ಬಹಮನಿ ಕಾಲದ ಭಾರೀ ತೋಪು ಇನ್ನೂ ಇದೆ. ಅಂತಹ ತೋಪು, ಅದಕ್ಕೆ ಆಸರೆಯಾದ ಬುರುಜು, ಸುತ್ತಲಿನ ಕಂದಕ ಇವೆಲ್ಲ ಶತ್ರು ಬಂದು ಕೋಟೆಯನ್ನು ಮುತ್ತುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿದ್ದವು. ಎಂಜಿನ್ನಿನ ಮೇಲೆ ಸಾಗುವ ಸೇನೆಗೆ ಕೋಟೆಯನ್ನು ಮುತ್ತುವ ಅಗತ್ಯವೇ ಬೀಳಲಿಲ್ಲ. ರಾಜಧಾನಿಯ ದಾರಿ ತೆರೆದರೆ ಉಳಿದ ಜಿಲ್ಲೆಗಳ ಪ್ರತಿರೋಧ ತಾನಾಗಿ ಕುಸಿಯುತ್ತಿತ್ತು.

ಮಿಲಿಟರಿ ಗವರ್ನರ್

ಸೆಪ್ಟೆಂಬರ್ 18ರಿಂದ ಸಂಸ್ಥಾನದ ಆಡಳಿತ ಚೌಧುರಿಯವರ ಕೈಗೆ ಬಂತು. ಮುಖ್ಯ ನಾಗರಿಕ ಆಡಳಿತಾಧಿಕಾರಿಯಾಗಿ ಐ.ಸಿ.ಎಸ್. ಅಧಿಕಾರಿ ಡಿ. ಎಸ್. ಬಖಲೆಯವರು ಅವರಿಗೆ ನೆರವಾದರು. ರಜಾಕಾರರ ಸಂಘಟನೆಯನ್ನು ವಿಸರ್ಜಿಸುವುದು, ಆಯುಧಗಳನ್ನು ಹಿಂದಕ್ಕೆ ಪಡೆಯುವುದು, ಊರು ಬಿಟ್ಟವರನ್ನು ಮರಳಿ ನೆಲೆಗೊಳಿಸುವುದು, ತೆಲಂಗಾಣದ ಸಶಸ್ತ್ರ ರೈತ ಹೋರಾಟವನ್ನು ಎದುರಿಸುವುದು ಅವರ ಮುಂದಿದ್ದ ಕೆಲಸಗಳು.

ಇವೆಲ್ಲಕ್ಕಿಂತ ಗಂಭೀರವಾದದ್ದು ಜಿಲ್ಲೆಗಳಲ್ಲಿ ನಡೆದ ಹತ್ಯೆಗಳ ಪ್ರಶ್ನೆ. ಕಾರ್ಯಾಚರಣೆಗೆ ಮೊದಲು ರಜಾಕಾರರ ಹಿಂಸೆಗೆ ಅನೇಕ ಹಳ್ಳಿಗಳು ತುತ್ತಾಗಿದ್ದವು. ಕಾರ್ಯಾಚರಣೆಯ ದಿನಗಳಲ್ಲಿ ಮತ್ತು ಅನಂತರದ ವಾರಗಳಲ್ಲಿ ಸೇಡಿನ ರೂಪದಲ್ಲಿ ಮುಸ್ಲಿಮರ ಮೇಲೆ ವ್ಯಾಪಕ ಹಿಂಸೆ ನಡೆಯಿತು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಕುಟುಂಬಗಳೂ ಅದರಲ್ಲಿ ನಾಶವಾದವು. ಕೇಂದ್ರ ಸರ್ಕಾರವು ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರಿದ್ದ ಸದ್ಭಾವನಾ ತಂಡವನ್ನು ಕಳುಹಿಸಿತು. 1948ರ ಕೊನೆಯ ತಿಂಗಳುಗಳಲ್ಲಿ ಸಂಚರಿಸಿದ ಈ ತಂಡವು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ ಜಿಲ್ಲೆಗಳನ್ನು ಅತಿ ಹೆಚ್ಚು ಹಾನಿಗೊಂಡವೆಂದು ಗುರುತಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು. ಸೈನಿಕರಲ್ಲಿ ಕೆಲವರು ಲೂಟಿಯಲ್ಲಿ ಭಾಗಿಯಾದ ಆರೋಪಗಳನ್ನೂ, ಅನೇಕ ಕಡೆ ಸೇನಾಧಿಕಾರಿಗಳು ಜನರನ್ನು ಕಾಪಾಡಿದ ಸಂಗತಿಯನ್ನೂ ಅದು ದಾಖಲಿಸಿತು. ಈ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಅದರ ಅಂಕಿಗಳ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ.

ಯಂತ್ರೀಕೃತ ಯುದ್ಧದ ದೃಷ್ಟಿಯಿಂದ ಈ ದುರಂತಕ್ಕೆ ಒಂದು ಅರ್ಥವಿದೆ. ಕವಚವಾಹನಗಳ ಸಾಲು ಹೆದ್ದಾರಿಯ ಮೇಲೆ ದಿನಕ್ಕೆ ಹತ್ತಾರು ಮೈಲಿ ಸಾಗಿತು. ಹಳೆಯ ಆಡಳಿತದ ಪೊಲೀಸು, ತಹಶೀಲು, ಕಚೇರಿಗಳು ಅದೇ ವೇಗದಲ್ಲಿ ಕುಸಿದವು. ಅವುಗಳ ಜಾಗದಲ್ಲಿ ಹೊಸ ವ್ಯವಸ್ಥೆ ಹೆದ್ದಾರಿಯಿಂದ ದೂರದ ಹಳ್ಳಿಗಳನ್ನು ಮುಟ್ಟಲು ವಾರಗಳೇ ಹಿಡಿದವು. ಆ ನಡುವಿನ ಅರಾಜಕತೆಯಲ್ಲಿ ಅತಿ ಹೆಚ್ಚು ಬೆಲೆ ತೆತ್ತವರು ಆಯುಧವಿಲ್ಲದ ಸಾಮಾನ್ಯ ಜನ. ಐದು ದಿನಗಳಲ್ಲಿ ಮುಗಿದ ಸೇನಾ ವಿಜಯವನ್ನು ಈ ಭಾಗದ ಇತಿಹಾಸದಲ್ಲಿ ಓದುವಾಗ ಅದರ ಹಿಂದಿನ ರಜಾಕಾರರ ಹಾವಳಿಯನ್ನೂ ಮುಂದಿನ ಈ ವಾರಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ.

ಚೌಧುರಿಯವರ ಆಡಳಿತದ ದೀರ್ಘಕಾಲಿಕ ಫಲಗಳಲ್ಲಿ ಜಾಗೀರು ಪದ್ಧತಿಯ ರದ್ದತಿ ಮುಖ್ಯವಾದದ್ದು. 1949ರ ಆಗಸ್ಟ್ ತಿಂಗಳಲ್ಲಿ ಹೊರಟ ನಿಯಮಾವಳಿಯಿಂದ ಜಾಗೀರುದಾರರ ಕೈಯಲ್ಲಿದ್ದ ಹಳ್ಳಿಗಳ ಕಂದಾಯ ಮತ್ತು ಆಡಳಿತ ಸರ್ಕಾರಕ್ಕೆ ಸೇರಿದವು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳ ರೈತರ ಪಾಲಿಗೂ ಇದು ದೊಡ್ಡ ಬದಲಾವಣೆ. 1949ರ ಡಿಸೆಂಬರಿನಲ್ಲಿ ಮಿಲಿಟರಿ ಆಡಳಿತ ಕೊನೆಗೊಂಡು, ಎಂ. ಕೆ. ವೆಲ್ಲೋಡಿಯವರ ನೇತೃತ್ವದ ನಾಗರಿಕ ಸರ್ಕಾರಕ್ಕೆ ದಾರಿಯಾಯಿತು. 1956ರ ನವೆಂಬರ್ 1ರಂದು ಈ ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು.

ದಕ್ಷಿಣ ಕಮಾಂಡ್ ಮತ್ತು ಗೋವಾ

1950ರ ದಶಕದಲ್ಲಿ ಅಡ್ಜುಟೆಂಟ್ ಜನರಲ್, ಚೀಫ್ ಆಫ್ ಜನರಲ್ ಸ್ಟಾಫ್ ಹಾಗೂ ಕೋರ್ ಕಮಾಂಡರ್ ಹುದ್ದೆಗಳನ್ನು ನಿರ್ವಹಿಸಿದ ಚೌಧುರಿಯವರು 1959ರ ಮೇ ತಿಂಗಳಲ್ಲಿ ಪುಣೆಯಲ್ಲಿ ಕೇಂದ್ರ ಕಚೇರಿ ಹೊಂದಿದ ದಕ್ಷಿಣ ಕಮಾಂಡಿನ ಮುಖ್ಯಸ್ಥರಾದರು. 1961ರ ಡಿಸೆಂಬರಿನ ಗೋವಾ ವಿಮೋಚನೆ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಬೆಳಗಾವಿಯು ಭೂಸೇನೆಯ ಮುಖ್ಯ ನೆಲೆಯಾಗಿತ್ತು. ಮೇಜರ್ ಜನರಲ್ ಕ್ಯಾಂಡೆತ್ ಅವರು 17ನೇ ಡಿವಿಷನ್ನನ್ನು ಮುನ್ನಡೆಸಿದರು. ಪೋರ್ಚುಗೀಸರು ಹಿಮ್ಮೆಟ್ಟುವಾಗ ಸೇತುವೆಗಳನ್ನು ಉರುಳಿಸಿದ್ದರು. ಪಡೆಗಳ ವೇಗ ಹೊಳೆಗಳನ್ನು ದಾಟುವ ವೇಗವನ್ನೇ ಅವಲಂಬಿಸಿತು. ಹಗುರವಾದ ಪ್ಯಾರಾಚೂಟ್ ಬ್ರಿಗೇಡ್ ಉಳಿದವರಿಗಿಂತ ಮೊದಲು ಮಾಂಡೋವಿ ನದಿಯನ್ನು ದಾಟಿ ಪಣಜಿಯನ್ನು ಸೇರಿತು. ನಳದುರ್ಗದಲ್ಲಿ ಅಖಂಡವಾಗಿ ದೊರೆತ ಸೇತುವೆಯ ಬೆಲೆ ಏನೆಂಬುದನ್ನು ಗೋವಾದ ಉರುಳಿದ ಸೇತುವೆಗಳು ಇನ್ನೊಂದು ಬಗೆಯಲ್ಲಿ ತೋರಿಸಿದವು.

ಸೇನಾ ಮುಖ್ಯಸ್ಥ

1962ರ ನವೆಂಬರಿನಲ್ಲಿ ಚೀನಾದ ಎದುರು ಸೇನೆ ಸೋತಾಗ ಜನರಲ್ ಪಿ. ಎನ್. ಥಾಪರ್ ಅವರು ಹುದ್ದೆ ತೊರೆದರು. ನವೆಂಬರ್ 20ರಂದು ಚೌಧುರಿಯವರು ಹಂಗಾಮಿ ಮುಖ್ಯಸ್ಥರಾಗಿ ನೇಮಕಗೊಂಡರು; 1963ರ ಜುಲೈನಲ್ಲಿ ಹುದ್ದೆ ಖಾಯಂ ಆಯಿತು. ಕುಗ್ಗಿದ್ದ ಸೈನಿಕರ ಮನಸ್ಸನ್ನು ಎತ್ತಿಹಿಡಿಯುವುದು, ಪರ್ವತ ಯುದ್ಧಕ್ಕೆಂದೇ ಹೊಸ ಡಿವಿಷನ್ನುಗಳನ್ನು ಕಟ್ಟುವುದು, ತರಬೇತಿ ಮತ್ತು ಶಸ್ತ್ರಾಸ್ತ್ರಗಳ ಕೊರತೆಯನ್ನು ತುಂಬುವುದು ಅವರ ಮೊದಲ ಕೆಲಸಗಳಾದವು.

ಪರ್ವತದಲ್ಲಿಯೂ ಯಂತ್ರಕ್ಕೆ ಜಾಗವಿದೆ ಎಂಬ ಅನುಭವ ಭಾರತೀಯ ಸೇನೆಗೆ ಮೊದಲೇ ಇತ್ತು. ಹೈದರಾಬಾದ್ ಕಾರ್ಯಾಚರಣೆ ಮುಗಿದು ಆರು ವಾರಗಳಾದ ಮೇಲೆ, 1948ರ ನವೆಂಬರ್ 1ರಂದು, ಕೊಡಗಿನವರಾದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆದಾರಿಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆರಗುಗೊಳಿಸಿದ್ದರು. ಆ ಟ್ಯಾಂಕುಗಳು ಚೌಧುರಿಯವರು ಅಧಿಕಾರಿಯಾಗಿ ಬೆಳೆದ 7ನೇ ಲೈಟ್ ಕ್ಯಾವಲ್ರಿಗೆ ಸೇರಿದವು. ಟ್ಯಾಂಕುಗಳಿಗಿಂತ ಮೊದಲು ಎಂಜಿನಿಯರುಗಳು ಆ ಕಣಿವೆಗೆ ರಸ್ತೆಯನ್ನು ಕಡಿದು ಸಿದ್ಧಪಡಿಸಿದ್ದರಿಂದಲೇ ಅದು ಸಾಧ್ಯವಾಯಿತು.

1965ರ ಯುದ್ಧ

1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಕವಚಪಡೆ ಛಂಬ್ ಪ್ರದೇಶದಲ್ಲಿ ದಾಳಿ ಆರಂಭಿಸಿತು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಪಂಜಾಬಿನಲ್ಲಿ ಅಂತರರಾಷ್ಟ್ರೀಯ ಗಡಿಯನ್ನು ದಾಟಿ ಲಾಹೋರಿನತ್ತ ಸಾಗಿತು. ಲಾಹೋರನ್ನು ಕಾಯುತ್ತಿದ್ದ ಇಚ್ಛೋಗಿಲ್ ಕಾಲುವೆ ಟ್ಯಾಂಕುಗಳಿಗೆ ದೊಡ್ಡ ಅಡ್ಡಿಯಾಯಿತು.

ಸೆಪ್ಟೆಂಬರ್ 8ರಿಂದ 10ರವರೆಗೆ ಖೇಮ್‌ಕರಣದ ಬಳಿಯ ಅಸಲ್ ಉತ್ತರದಲ್ಲಿ ಈ ಯುದ್ಧದ ನಿರ್ಣಾಯಕ ಟ್ಯಾಂಕ್ ಕದನ ನಡೆಯಿತು. ಪಾಕಿಸ್ತಾನದ ಬಳಿ ಅಮೆರಿಕದ ಪ್ಯಾಟನ್ ಟ್ಯಾಂಕುಗಳಿದ್ದವು. ಅವುಗಳಿಗೆ ಸಾಟಿಯಾಗದ ಹಳೆಯ ಟ್ಯಾಂಕುಗಳೂ ಭಾರತದ ಪಡೆಯಲ್ಲಿದ್ದವು. ಭಾರತೀಯರು ಕುದುರೆಲಾಳದ ಆಕಾರದಲ್ಲಿ ನೆಲೆಗೊಂಡು, ಕಾಲುವೆಯ ನೀರನ್ನು ಹೊಲಗಳಿಗೆ ಬಿಟ್ಟು, ಕಬ್ಬಿನ ಬೆಳೆಯ ಮರೆಯಲ್ಲಿ ಕಾದರು. ಭಾರವಾದ ಪ್ಯಾಟನ್ನುಗಳು ಕೆಸರಿನಲ್ಲಿ ಸಿಕ್ಕಿ ಹತ್ತಿರದ ಗುಂಡಿಗೆ ಬಲಿಯಾದವು. ಜೀಪಿನ ಮೇಲಿನ ರಿಕಾಯಿಲ್‌ಲೆಸ್ ತೋಪಿನಿಂದ ಹಲವು ಟ್ಯಾಂಕುಗಳನ್ನು ನಾಶಮಾಡಿ ಮಡಿದ ಹವಾಲ್ದಾರ್ ಅಬ್ದುಲ್ ಹಮೀದ್ ಅವರಿಗೆ ಪರಮವೀರ ಚಕ್ರ ಸಂದಿತು. ಸೋಮ್ ಕದನದ ಕೆಸರು ಕಲಿಸಿದ ಪಾಠವನ್ನು ಅರ್ಧ ಶತಮಾನದ ಬಳಿಕ ಪಂಜಾಬಿನ ಹೊಲಗಳು ಪುನಃ ಕಲಿಸಿದವು.

ಸಿಯಾಲಕೋಟ್ ವಿಭಾಗದಲ್ಲಿ ಭಾರತದ ಆಕ್ರಮಣವನ್ನು ನಡೆಸಿದ್ದು ಚೌಧುರಿಯವರು ಒಮ್ಮೆ ಮುನ್ನಡೆಸಿದ್ದ 1ನೇ ಆರ್ಮರ್ಡ್ ಡಿವಿಷನ್. ಅದರ ಮುಖ್ಯಸ್ಥರಾಗಿದ್ದವರು ಜೋಜಿ ಲಾ ಕದನದಲ್ಲಿ 7ನೇ ಲೈಟ್ ಕ್ಯಾವಲ್ರಿಯನ್ನು ಮುನ್ನಡೆಸಿದ್ದ ರಾಜಿಂದರ್ ಸಿಂಗ್. ಫಿಲ್ಲೋರಾ ಕೈವಶವಾಯಿತು, ಛವಿಂಡಾದ ಎದುರು ದಾಳಿ ನಿಂತಿತು. ಸೆಪ್ಟೆಂಬರ್ 16ರಂದು ಪೂನಾ ಹಾರ್ಸ್ ರೆಜಿಮೆಂಟಿನ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಎ. ಬಿ. ತಾರಾಪೋರ್ ಅವರು ಅಲ್ಲಿ ಹುತಾತ್ಮರಾಗಿ ಮರಣೋತ್ತರ ಪರಮವೀರ ಚಕ್ರ ಪಡೆದರು. ತಾರಾಪೋರ್ ಅವರು ತಮ್ಮ ಸೇನಾಜೀವನವನ್ನು ಆರಂಭಿಸಿದ್ದು ಹೈದರಾಬಾದ್ ಸಂಸ್ಥಾನದ ಸೇನೆಯಲ್ಲಿ. 1948ರಲ್ಲಿ ಚೌಧುರಿಯವರ ಎದುರು ಶರಣಾದ ಸೇನೆಯಿಂದ ಬಂದ ಅಧಿಕಾರಿಯೊಬ್ಬರು, ಹದಿನೇಳು ವರ್ಷಗಳ ಬಳಿಕ ಅದೇ ಚೌಧುರಿಯವರು ಮುಖ್ಯಸ್ಥರಾಗಿದ್ದ ಸೇನೆಯಲ್ಲಿ ದೇಶದ ಅತ್ಯುಚ್ಚ ಶೌರ್ಯ ಪದಕಕ್ಕೆ ಪಾತ್ರರಾದರು. ಸಂಸ್ಥಾನದ ವಿಲೀನ ಕೇವಲ ನಕಾಶೆಯ ಮೇಲೆ ನಡೆದುದಲ್ಲ ಎಂಬುದಕ್ಕೆ ಇದೊಂದು ನಿದರ್ಶನ. ಸೆಪ್ಟೆಂಬರ್ 23ರಂದು ಕದನವಿರಾಮ ಜಾರಿಗೆ ಬಂತು.

ವಿಮರ್ಶೆ

1965ರ ಯುದ್ಧದಲ್ಲಿ ಚೌಧುರಿಯವರ ನಾಯಕತ್ವದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಮೂರು ವರ್ಷಗಳ ಹಿಂದೆ ಸೋತಿದ್ದ ಸೇನೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದ ಕೀರ್ತಿ ಅವರದೆಂದು ಕೆಲವರು ಹೇಳುತ್ತಾರೆ. ಅವರು ಅತಿಯಾದ ಎಚ್ಚರಿಕೆಯ ಸ್ವಭಾವದವರೆಂದು ಇತರರು ಆಕ್ಷೇಪಿಸುತ್ತಾರೆ. ಖೇಮ್‌ಕರಣದಲ್ಲಿ ಪರಿಸ್ಥಿತಿ ಹದಗೆಟ್ಟಿದ್ದ ಹೊತ್ತಿನಲ್ಲಿ ಪಡೆಗಳನ್ನು ಬಿಯಾಸ್ ನದಿಯ ಹಿಂದಕ್ಕೆ ತರುವ ಸಲಹೆ ಅವರಿಂದ ಬಂದಿತ್ತೆಂದೂ ತಾವು ಅದನ್ನು ಒಪ್ಪಲಿಲ್ಲವೆಂದೂ ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದ ಹರ್‌ಬಕ್ಷ್ ಸಿಂಗ್ ಅವರು ಬರೆದಿದ್ದಾರೆ. ಇದು ಇಂದಿಗೂ ಚರ್ಚೆಯ ವಿಷಯ. ಯುದ್ಧದ ಕೊನೆಯಲ್ಲಿ ಮದ್ದುಗುಂಡುಗಳ ದಾಸ್ತಾನು ಬಹಳಷ್ಟು ಮುಗಿದಿದೆ ಎಂದು ಅವರು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರಿಗೆ ತಿಳಿಸಿದರೆಂದೂ, ನಿಜವಾಗಿ ಖರ್ಚಾಗಿದ್ದುದು ಅದರ ಸಣ್ಣ ಭಾಗವೆಂದು ಆಮೇಲೆ ತಿಳಿಯಿತೆಂದೂ ಹಲವು ಲೇಖಕರು ಹೇಳುತ್ತಾರೆ. ಭೂಸೇನೆ, ವಾಯುಸೇನೆ, ನೌಕಾಸೇನೆಗಳ ನಡುವೆ ಸಮಾನ ಯೋಜನೆ ಇರಲಿಲ್ಲ ಎಂಬ ಟೀಕೆಯೂ ಇದೆ. ರಾಜೇಶ್ವರದ ದಾರಿಯಲ್ಲಿ ವಿಮಾನ ಮತ್ತು ಕವಚವಾಹನ ಜೊತೆಗೂಡಿ ಕೆಲಸ ಮಾಡಿದ್ದನ್ನು ಕಂಡಿದ್ದ ಸೇನಾನಿಯ ಕಾಲದಲ್ಲಿಯೇ ಈ ಕೊರತೆ ಕಾಣಿಸಿಕೊಂಡಿತು.

ನಿವೃತ್ತಿ, ಬರವಣಿಗೆ ಮತ್ತು ಕೊನೆಯ ದಿನಗಳು

1966ರ ಜೂನ್ 7ರಂದು ಚೌಧುರಿಯವರು ಸೇನೆಯಿಂದ ನಿವೃತ್ತರಾದರು. ಅವರ ಬಳಿಕ ಜನರಲ್ ಪಿ. ಪಿ. ಕುಮಾರಮಂಗಲಂ ಅವರು ಮುಖ್ಯಸ್ಥರಾದರು. ಅದೇ ವರ್ಷದ ಜುಲೈನಿಂದ 1969ರವರೆಗೆ ಚೌಧುರಿಯವರು ಕೆನಡಾದಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. ಸೇನಾ ವಿಷಯಗಳ ಬರಹಗಾರರಾಗಿಯೂ ಅವರು ಪರಿಚಿತರು. ಆರ್ಮ್ಸ್, ಏಮ್ಸ್ ಅಂಡ್ ಆಸ್ಪೆಕ್ಟ್ಸ್ (1966) ಮತ್ತು ಎಪ್ಪತ್ತರ ದಶಕದ ರಾಷ್ಟ್ರೀಯ ಭದ್ರತೆಯ ಸಮಸ್ಯೆಗಳನ್ನು ಕುರಿತ 1973ರ ಇಂಗ್ಲಿಷ್ ಪುಸ್ತಕ ಅವರ ಕೃತಿಗಳಲ್ಲಿ ಮುಖ್ಯವಾದವು. ಅವರು ಬಿ. ಕೆ. ನಾರಾಯಣ್ ಅವರಿಗೆ ನಿರೂಪಿಸಿದ ಆತ್ಮಕಥೆ 1978ರಲ್ಲಿ ಪ್ರಕಟವಾಯಿತು. 1983ರ ಏಪ್ರಿಲ್ 6ರಂದು ಅವರು ನಿಧನರಾದರು.

ಇಂದಿನ ರಕ್ಷಣಾ ಚಿಂತನೆಯಲ್ಲಿ ಪ್ರಸ್ತುತತೆ

ಚೌಧುರಿಯವರ ಕಾಲದ ಯಂತ್ರೀಕೃತ ಯುದ್ಧದಿಂದ ಇಂದಿಗೂ ಉಳಿಯುವ ಪಾಠಗಳನ್ನು ಹೀಗೆ ಗುರುತಿಸಬಹುದು. ಟ್ಯಾಂಕಿನ ಬಲ ಅದು ಸಾಗುವ ನೆಲ, ದಾಟುವ ಸೇತುವೆ, ಹಿಂದೆ ಬರುವ ಇಂಧನ ಮತ್ತು ಜೊತೆಗಿರುವ ಪದಾತಿಗಳನ್ನು ಅವಲಂಬಿಸಿದೆ. 2022ರಲ್ಲಿ ಉಕ್ರೇನಿನ ರಾಜಧಾನಿ ಕೀವ್‌ನ ಉತ್ತರದಲ್ಲಿ ರಷ್ಯಾದ ಮೈಲುಗಟ್ಟಲೆ ಉದ್ದದ ವಾಹನಗಳ ಸಾಲು ದಿನಗಟ್ಟಲೆ ನಿಂತುಹೋದದ್ದು ಇದಕ್ಕೆ ಹೊಸ ಉದಾಹರಣೆ. ಎರಡನೆಯದಾಗಿ, ಮುಂದಿನ ದಾರಿಯನ್ನು ಆಕಾಶದಿಂದ ನೋಡುವ ಕಣ್ಣು ಅಗತ್ಯ. 1948ರಲ್ಲಿ ಟೆಂಪೆಸ್ಟ್ ವಿಮಾನಗಳು ಮಾಡಿದ ಕೆಲಸದ ಬಹುಭಾಗವನ್ನು ಇಂದು ಡ್ರೋನುಗಳು ಮಾಡುತ್ತಿವೆ, ಮತ್ತು ಅವೇ ಟ್ಯಾಂಕುಗಳ ಹೊಸ ಶತ್ರುಗಳೂ ಆಗಿವೆ. ಮೂರನೆಯದಾಗಿ, ಹೊರಗಿನಿಂದ ಕೊಂಡ ಯಂತ್ರಕ್ಕೆ ಬಿಡಿಭಾಗಗಳೂ ಹೊರಗಿನಿಂದಲೇ ಬರಬೇಕು. ಚೌಧುರಿಯವರ ಅಧಿಕಾರಾವಧಿಯಲ್ಲಿಯೇ, 1965ರ ಡಿಸೆಂಬರಿನಲ್ಲಿ, ಆವಡಿಯ ಕಾರ್ಖಾನೆಯಿಂದ ಮೊದಲ ವಿಜಯಂತ ಟ್ಯಾಂಕ್ ಹೊರಬಂತು. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆ ಮುಂದೆ ಸೇನೆಗೆ ಭಾರೀ ವಾಹನಗಳನ್ನು ಪೂರೈಸುವ ಸಂಸ್ಥೆಯಾಗಿ ಬೆಳೆಯಿತು.

ನಾಲ್ಕನೆಯ ಪಾಠ ಕಲಬುರಗಿ ಮತ್ತು ಸುತ್ತಲಿನ ಜಿಲ್ಲೆಗಳ ಅನುಭವದಿಂದ ಬಂದದ್ದು. ಸೇನೆ ಎಷ್ಟು ವೇಗವಾಗಿ ಗೆಲ್ಲುತ್ತದೋ ಅಷ್ಟೇ ವೇಗವಾಗಿ ಜನರ ರಕ್ಷಣೆಯ ವ್ಯವಸ್ಥೆಯೂ ಹಿಂಬಾಲಿಸಬೇಕು. ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸರ್ದಾರ್ ಪಟೇಲರ ಪ್ರತಿಮೆಗೆ ಮಾಲಾರ್ಪಣೆ ನಡೆದು ರಾಷ್ಟ್ರಧ್ವಜ ಹಾರಿಸಲಾಗುತ್ತದೆ. ಹಿಂದೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯುತ್ತಿದ್ದ ಈ ಆಚರಣೆಯನ್ನು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನವೆಂದು ಕರೆಯಲಾಗುತ್ತಿದೆ. ಆ ದಿನಾಂಕವನ್ನು ಸಾಧ್ಯವಾಗಿಸಿದ ಸೇನಾ ಮುನ್ನಡೆಯ ನಾಯಕರಾಗಿ ಚೌಧುರಿಯವರ ಹೆಸರು ಈ ಭಾಗದ ಇತಿಹಾಸದೊಡನೆ ಸೇರಿಕೊಂಡಿದೆ.